ಒಂದು ಪದದ ಬೇರು

ಹೊಳೆದಂಡೆಯ ಆಶ್ರಮದಲ್ಲಿ ಗುರು ಶಾಂತವೀರರು ಇಂಗ್ಲಿಷ್-ಕನ್ನಡ ನಿಘಂಟು ಬರೆಸುತ್ತಿದ್ದರು.

ಶಿಷ್ಯ ವಿರೂಪಣ್ಣ ಒಂಬತ್ತು ವರ್ಷದಿಂದ ಅದರಲ್ಲೇ ದುಡಿಯುತ್ತಿದ್ದ. ಮನೆ ಎಂಬರ್ಥದ ‘ಹೌಸ್’ ಪದ ಬರೆಯಲು ತನಗೇ ಸಿಗುತ್ತದೆಂದು ಕಾದಿದ್ದ.

ಗುರುಗಳು ಅದನ್ನು ದ್ಯಾವಮ್ಮನಿಗೆ ಕೊಟ್ಟರು. ಆಸ್ಪತ್ರೆಯ ನರ್ಸ್ ಕೆಲಸ ಬಿಟ್ಟು ಅವಳು ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ವಿರೂಪಣ್ಣನಿಗೆ ಅನ್ನ ಸೇರಲಿಲ್ಲ.

ಒಂದು ಮಧ್ಯಾಹ್ನ ಅವಳು ಹೊಳೆಗೆ ಹೋದಾಗ ಅವಳ ಹಾಳೆಗಳನ್ನು ಓದಿದ. ವಾಸದ ಜಾಗ, ರಾಜವಂಶ, ಶಾಸನಸಭೆ, ಜಾತಕದ ಮನೆ, ನಾಟಕ ನೋಡಲು ಸೇರಿದ ಜನ. ಒಂದು ಅರ್ಥವನ್ನೂ ಬಿಟ್ಟಿರಲಿಲ್ಲ. ಅದೇ ಅವನ ಹೊಟ್ಟೆಗೆ ಬೆಂಕಿ ಹಚ್ಚಿತು.

ಹಾಳೆಗಳನ್ನು ತಂದು ತನ್ನ ಹಾಸಿಗೆಯಡಿ ತುರುಕಿದ.

ದ್ಯಾವಮ್ಮ ಎಲ್ಲ ಕಡೆ ಹುಡುಕಿದಳು. ಯಾರನ್ನೂ ದೂರಲಿಲ್ಲ. ಮೊದಲಿನಿಂದ ಬರೆಯಲು ಕೂತಳು.

ವಿರೂಪಣ್ಣ ಮಾತ್ರ ಕೋಣೆ ಬಿಟ್ಟು ಕದಲಲಿಲ್ಲ. ಕಸ ಗುಡಿಸುವವರು ಒಳಗೆ ಬಂದರೆ? ಸ್ನಾನ ಬಿಟ್ಟ, ಪಂಕ್ತಿಯ ಊಟ ಬಿಟ್ಟ. ಮೂರು ದಿನ ಅಗುಳಿ ಹಾಕಿಕೊಂಡೇ ಕೂತ.

ನಾಲ್ಕನೆಯ ಬೆಳಿಗ್ಗೆ ಗುರುಗಳೇ ಬಂದು ಬಾಗಿಲು ತಟ್ಟಿದರು. ವಿರೂಪಣ್ಣ ಅಗುಳಿ ತೆಗೆದು ಬಾಗಿಲನ್ನು ಅರ್ಧ ತೆರೆದ.

"ಜ್ವರವೇನಪ್ಪಾ?"

"ಇಲ್ಲ, ಗುರುಗಳೇ."

"ಹಾಗಾದರೆ ಒಂದು ಹೇಳು. ‘ಹೌಸ್’ ಪದದ ಬೇರು ಯಾವುದು?"

ತನ್ನನ್ನು ಕೇಳಿದರಲ್ಲ ಎಂಬ ಹಿಗ್ಗಿನಲ್ಲಿ ಅವನ ಬಾಯಿ ತಡೆಯಲಿಲ್ಲ. "ಬಚ್ಚಿಡು, ಮುಚ್ಚಿಡು ಅನ್ನುವ ಹಳೆಯ ಬೇರು ಇರಬಹುದಂತೆ. ಖಚಿತವಲ್ಲ."

"ಯಾರು ಹೇಳಿದ್ದು?"

"ದ್ಯಾವಮ್ಮ ಬರೆದಿ..."

ಅವನು ತಿರುಗಿ ಹಾಸಿಗೆಯತ್ತ ನೋಡಿದ.

ಗುರುಗಳು ಗದರಲಿಲ್ಲ. ಹೊಸ್ತಿಲಾಚೆಯೇ ನಿಂತಿದ್ದರು.

ವಿರೂಪಣ್ಣ ಹಾಸಿಗೆ ಎತ್ತಿದ. ಹಾಳೆಗಳು ಮುದುರಿದ್ದವು. "ಒಂಬತ್ತು ವರ್ಷ ಗುರುಗಳೇ," ಎಂದ. "ನನಗೇಕೆ ಕೊಡಲಿಲ್ಲ?"

"ನಿನಗೆ ಅರ್ಥ ಮಾತ್ರ ಗೊತ್ತಿತ್ತು."

"ಈಗ?"

"ಈಗ ಹೋಗಿ ಅವಳ ಹಾಳೆ ಅವಳಿಗೆ ಕೊಡು."

ಅವನು ಹಾಳೆಗಳನ್ನು ಮಡಿಲಲ್ಲಿಟ್ಟು ಒಂದೊಂದಾಗಿ ನೀವಿದ.

"ಯಾವ ಮುಖ ಹೊತ್ತು ಹೋಗಲಿ? ಎಲ್ಲಿದ್ದೆ ಇಷ್ಟು ದಿನ ಅಂತ ಕೇಳಿದರೆ ಏನು ಹೇಳಲಿ?"

ಗುರುಗಳು ಬಾಗಿಲನ್ನು ಪೂರ್ತಿ ತೆರೆದು ಹಿಡಿದರು.

"ಮನೆಯೊಳಗಿದ್ದೆ ಅನ್ನು."