ತಂಗೆವ್ವನ ಕೆಂಪು ಗಡಿಗೆ

ಹೆಡ್ಡ ಮಗನನ್ನು ಕಂಡು ಊರು ನಗುತ್ತದೆ, ಹೆತ್ತವಳು ನಗಲಾರಳು. ಬಣ್ಣಗಾರ್ತಿ ತಂಗೆವ್ವನಿಗೆ ಇದ್ದವನು ಒಬ್ಬನೇ ಮಗ, ಭರಮ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು.

ಅವಳ ಬಣ್ಣ ಬೆಳೆಯುತ್ತಿದ್ದುದು ಒಂದು ಗಡಿಗೆಯಲ್ಲಿ. ಹಿಟ್ಟು ಹುದುಗಿಸುವ ಯೀಸ್ಟ್ ಇದೆಯಲ್ಲ, ಅದರದೇ ಕೆಂಪು ಜಾತಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ, ಅಕ್ಕಿಯ ತೌಡು, ಇಷ್ಟೇ ಅದರ ಆಹಾರ. ಉಂಡು ಹೆಚ್ಚುತ್ತಿತ್ತು, ಹೆಚ್ಚಿ ಕೆಂಪಾಗುತ್ತಿತ್ತು. ಆ ಕೆಂಪಿಗೆ ನೇಕಾರ ಅಂಬಾಸಾ ಜೋಳ ಅಳೆದು ಕೊಡುತ್ತಿದ್ದ. ತಾಯಿ ಮಗ ಉಣ್ಣುತ್ತಿದ್ದರು.

ತಂಗೆವ್ವ ಹಾಸಿಗೆ ಹಿಡಿದಳು.

"ಭರಮಾ, ಕಾಕಂಬಿ ನೀರು ಕುದಿಸಿ ಗಡಿಗೆಗೆ ಹಾಕಪಾ."

ಭರಮ ಕುದಿಸಿದ. ಕುದಿಯುತ್ತಿರುವಾಗಲೇ ಹಾಕಿದ. ಗಡಿಗೆಯ ಯೀಸ್ಟೆಲ್ಲ ಸತ್ತಿತು.

"ಅಯ್ಯೋ ಹೆಡ್ಡ! ಅದರಾಗ ಜೀವ ಐತೋ! ಜೀವ ಇದ್ದದ್ದಕ್ಕ ಆರಿಸಿ ಕೊಡಬೇಕು!"

"ಹೂಂ ಅವ್ವಾ, ಆರಿಸಿ ಕೊಡ್ತೀನಿ."

ಕುಡಿಕೆಯಲ್ಲಿ ಎತ್ತಿಟ್ಟಿದ್ದ ಹೆಪ್ಪು ಹಾಕಿಸಿ ಅವಳು ಗಡಿಗೆಯನ್ನು ಮತ್ತೆ ಬದುಕಿಸಿದಳು. ಇದ್ದದ್ದು ಅದೊಂದೇ ಹೆಪ್ಪು.

ಅವತ್ತೇ ಅವಳಿಗೆ ಚಳಿಜ್ವರ ಏರಿತು.

"ಒಂದೀಟು ಗಂಜಿ ಮಾಡಿ ಕೊಡೋ."

ಭರಮ ಗಂಜಿ ಮಾಡಿದ. ಅಂಗಳದಲ್ಲಿಟ್ಟ. ಬೀಸಣಿಗೆ ಹಿಡಿದು ಕೂತ. ಒಳಗೆ ತಂದಾಗ ಗಂಜಿ ಕೊರೆಯುತ್ತಿತ್ತು.

"ಇದೇನೋ ಇದು!"

"ನಿನ್ನಾಗ ಜೀವ ಐತಲ್ಲವ್ವಾ."

ತಂಗೆವ್ವ ಗಂಜಿಯನ್ನು ಬದಿಗೆ ಸರಿಸಿದಳು.

"ಐತಿ, ಇನ್ನೂ ಐತಿ. ಕೇಳಿಲ್ಲಿ. ಗಡಿಗೆಗೆ ಆರಿದ್ದು, ಅವ್ವಗ ಬಿಸಿ. ತಿಳೀತೇನು?"

"ತಿಳೀತು. ಗಡಿಗೆಗೆ ಆರಿದ್ದು, ಅವ್ವಗ ಬಿಸಿ."

ಗಡಿಗೆ ಕೆಂಪೇರಿತು.

"ಅಂಬಾಸಾ ಕಾಕಾಗ ಬಣ್ಣ ಕೊಟ್ಟು ಬಾ."

ಭರಮ ಹೊತ್ತೊಯ್ದ. ಬೋರಲು ಹಾಕಿದ. ತಳವನ್ನೂ ಬೆರಳಿನಿಂದ ಬಳಿದು ಕೊಟ್ಟ. ಅಂಬಾಸಾ ಅದನ್ನು ಆಗಲೇ ನೂಲಿನೊಡನೆ ಕುದಿಯಲಿಟ್ಟ. ಭರಮ ಬರಿಗಡಿಗೆ ತಂದ.

"ಎಲ್ಲಾ ಕೊಟ್ಟ್ಯಾ? ಹೆಪ್ಪಿಗೇನೋ?"

"ಉಳಿಸು ಅನ್ನಲಿಲ್ಲಲ್ಲವ್ವಾ."

ಅವಳು ಹಣೆ ಬಡಿದುಕೊಂಡಳು. "ಯಾವುದನ್ನೂ ಪೂರಾ ಕೊಡಬಾರದೋ! ಒಂದು ಹಿಡಿ ಉಳಿಸಬೇಕು. ಅದನ್ನ ಗಡಿಗ್ಯಾಗ ಹಾಕಿ, ಆರಿದ ಕಾಕಂಬಿ ನೀರು ಕೊಟ್ಟು, ತೆಳು ಅರಿವಿ ಕಟ್ಟಿ, ದಿನಾ ಕಲಕಬೇಕು. ಹಂಗ ಮಾಡಿದ್ರ ಹೋದದ್ದು ತಿರುಗಿ ಬರ್ತಿತ್ತು. ನಾ ಹೋದ ಮ್ಯಾಲ ಏನು ಉಣ್ತೀಯೋ ಮಗನ!"

ಆ ಜ್ವರದಲ್ಲೇ ಹೋದಳು.

ಸುಟ್ಟ ಮೇಲೆ ಭರಮನನ್ನು ಹೊಳೆಗೆ ಕರೆದುಕೊಂಡು ಹೋದವನು ಅಂಬಾಸಾ.

"ಬೂದಿ ಬಿಡಪಾ."

ಭರಮ ಬಿಟ್ಟ. ಬಲಗೈ ಮುಷ್ಟಿ ಮಾತ್ರ ಬಿಗಿದೇ ಇತ್ತು.

"ಅದನ್ನೂ ಬಿಡೋ! ಪೂರಾ ಬಿಡಬೇಕು!"

"ಪೂರಾ ಕೊಡಬಾರದು ಅಂದಾಳ ಕಾಕಾ."

ಜೊತೆಗೆ ಬಂದವರೆಲ್ಲ ಬೈದರು, ಎಳೆದರು. ಮುಷ್ಟಿ ಬಿಚ್ಚಲಿಲ್ಲ.

ಆ ಹಿಡಿ ಬೂದಿ ಗಡಿಗೆಗೆ ಬಿತ್ತು. ಆರಿದ ಕಾಕಂಬಿ ನೀರು ಬಿತ್ತು. ತೆಳು ಅರಿವೆ ಕಟ್ಟಿದ. ದಿನಾ ಕಲಕಿದ, ದಿನಾ ಇಣುಕಿದ. ಒಂದು ಬೆಳಿಗ್ಗೆ ಅಂಬಾಸಾನ ಮನೆಗೆ ಓಡಿದ.

"ಕಾಕಾ! ಅವ್ವ ಬಂದಾಳ!"

ಅಂಬಾಸಾ ಬಂದು ಅರಿವೆ ಸರಿಸಿದ. ಕೆಂಪು! ಗಡಿಗೆಯ ಒಳಮೈಗೆ ಅಂಟಿ ಉಳಿದಿದ್ದ ಯೀಸ್ಟ್ ಚಿಗುರಿತ್ತು. ಮುದುಕನ ಕಣ್ಣು ಒದ್ದೆಯಾಯಿತು.

"ನಿನ್ನ ಅನ್ನ ಉಳೀತೋ ಹೆಡ್ಡ! ಹೆಪ್ಪು ತೆಗೆದಿಡಾಕ ಕುಡಿಕೆ ತರ್ತೀನಿ. ಅಲ್ಲಿತನಕ ಚಲೋ ನೋಡಿಕೋ."

"ನೋಡಿಕೋತೀನಿ ಕಾಕಾ."

ಅಂಬಾಸಾ ಕುಡಿಕೆ ಹಿಡಿದು ಬಂದಾಗ ಗಡಿಗೆಯ ಬಾಯಿಂದ ಹಬೆ ಏಳುತ್ತಿತ್ತು.

"ಏನು ಹಾಕಿದ್ಯೋ!"

"ಬಿಸಿ ಗಂಜಿ," ಎಂದ ಭರಮ. ಹೆಗಲ ಮೇಲಿನ ವಸ್ತ್ರದಿಂದ ಗಡಿಗೆಯ ಬಾಯಿಯನ್ನು ಮೆಲ್ಲಗೆ ಒರೆಸಿದ. "ಗಡಿಗೆಗಾದ್ರ ಆರಿಸಿ ಕೊಡ್ತಿದ್ದೆ. ಇದು ಅವ್ವ ಅಲ್ಲೇನು ಕಾಕಾ?"