ತಟ್ಟೆಗೆ ಅಂಟಿದ ಮದ್ದು

ಚಂಗಪ್ಪ ತನ್ನ ಸೆಮಿ ಆಟೊಮ್ಯಾಟಿಕ್ ರೈಫಲ್ಲಿಗೆ ತಾನೇ ಮದ್ದು ತೂಗಿ ತೋಟಾ ತುಂಬುತ್ತಿದ್ದ. ಪರೀಕ್ಷೆಗೆ ಹಾರಿಸಿದ ಗುಂಡುಗಳೆಲ್ಲ ಒಂದೇ ಕಡೆ ಬಿದ್ದವು; ಕೊನೆಯದು ಮಾತ್ರ ಕೆಳಗೆ ಬಿತ್ತು.

“ನಿನ್ನಿಂದ ನಮಗೆಲ್ಲ ಅವಮಾನ!” ಎಂದು ತಕ್ಕಡಿಯ ತಟ್ಟೆ ಆ ಕೊನೆಯ ಗುಂಡಿನ ಖಾಲಿ ಹಿತ್ತಾಳೆ ತೋಟಾವನ್ನು ಜರೆಯಿತು.

“ನೀವು ಸುರಿದಷ್ಟನ್ನೂ ಉರಿಸಿದೆ, ಅಣ್ಣಾ. ಕಡಿಮೆ ಸುರಿದಿದ್ದರೆ ಹೇಳಿಬಿಡಿ, ಇಲ್ಲದಿದ್ದರೆ ಮತ್ತೆ ಮದ್ದು ತುಂಬದೆ ನನ್ನನ್ನು ಗುಜರಿಗೆ ಹಾಕುತ್ತಾರೆ.”

“ತೂಕ ಸರಿಯಿತ್ತಪ್ಪಾ!”

ತೂಕವೇನೋ ಸರಿಯಿತ್ತು. ಆದರೆ ಸುರಿಯುವಾಗ ಸ್ವಲ್ಪ ಮದ್ದು ತಟ್ಟೆಗೇ ಅಂಟಿಕೊಂಡಿತ್ತು, ಅಂದರೆ ತೋಟಾಕ್ಕೆ ಕಡಿಮೆ ಬಿದ್ದಿತ್ತು. ತಟ್ಟೆಗೆ ಇದು ಗೊತ್ತಿತ್ತು, ಗೊತ್ತಿದ್ದೂ ಮುಚ್ಚಿಟ್ಟಿತು.

ಚಂಗಪ್ಪ ಮತ್ತೆ ಬಳಸಲಾಗದಂತೆ ತೋಟಾದ ಬಾಯನ್ನು ಇಕ್ಕಳದಿಂದ ಅಮುಕಿ ಗುಜರಿ ಡಬ್ಬಿಗೆ ಎಸೆದ. ಆಮೇಲೆ ತಟ್ಟೆ ಒರೆಸಿದಾಗ ಅವನ ಬೆರಳಿಗೆ ಮದ್ದು ಹತ್ತಿತು. ಅವನು ಡಬ್ಬಿಯ ಕಡೆ ನೋಡಿದ.

“ತಪ್ಪು ನನ್ನದು ತಮ್ಮಾ, ಬೈದಾದರೂ ಬಿಡು,” ಎಂದಿತು ತಟ್ಟೆ.

ಚಪ್ಪಟೆಯಾದ ಬಾಯಿಂದ ತೋಟಾ ಬೈಯುವುದಾದರೂ ಹೇಗೆ?