ಹಾವು ಹಿಡಿಯುವ ಈರ ಬ್ಯಾಟರಿ ಕೇಳಿದ್ದು

"ಕೇಳಿರಿ, ಕೇಳಿರಿ, ಕನಕಾವತಿಯ ಪ್ರಜೆಗಳೇ! ಅರಮನೆಯ ಕಾರ್ಖಾನೆಯಲ್ಲಿ ತಯಾರಾದ ನಿಮ್ಮ ಫೋನಿನ ಬ್ಯಾಟರಿ ಸೊರಗಿದ್ದರೆ ಮಹಾಪ್ರಭುಗಳು ಹೊಸದು ಹಾಕಿಸಿಕೊಡುತ್ತಾರೆ. ಅದಕ್ಕೆ ಮೊದಲು ಮೂರು ಒಗಟು ಬಿಡಿಸಬೇಕು. ಒಂದು ತಪ್ಪಿದರೂ ಫೋನಿಗೆ ಮರಣದಂಡನೆ!"

ಡಂಗುರದವನು ಇಷ್ಟು ಕೂಗಿ ಮುಂದಿನ ಬೀದಿಗೆ ಹೋದ. ಹಿಂದಿನ ರಾಜರು ತಪ್ಪಿದವನ ತಲೆ ತೆಗೆಯುತ್ತಿದ್ದರು. ನೂತನವರ್ಮ ಮಹಾರಾಜ ಅಷ್ಟು ದಡ್ಡನಲ್ಲ. ತಲೆ ಹೋದವನು ಹೊಸ ಫೋನು ಕೊಳ್ಳುವುದಿಲ್ಲ.

ಹಾವು ಹಿಡಿಯುವ ಈರ ಡಂಗುರ ಕೇಳಿ ನಿಟ್ಟುಸಿರುಬಿಟ್ಟ. ಅವನ ಹಳೆಯ ಫೋನು ಮಾತಿನ ನಡುವೆಯೇ ಪ್ರಾಣ ಬಿಡುತ್ತಿತ್ತು. "ಈರಣ್ಣ, ಹಾವು! ಬೇಗ ಬಾ, ನಮ್ಮ ಮನೆ..." ಅಷ್ಟೇ. ಯಾರ ಮನೆ, ಯಾವ ಬೀದಿ, ದೇವರಿಗೇ ಗೊತ್ತು. ಈಚೆಗೆ ಹೀಗೇ ಆಗಿ, ಕೂಗಾಟ ಕೇಳಿದ ಕಡೆಗೆಲ್ಲ ಓಡಿ ಮನೆ ಹುಡುಕುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಎಮ್ಮೆ ಸತ್ತು ಬಿದ್ದಿತ್ತು. ಮುಂದಿನ ಸಲವೂ ಎಮ್ಮೆಯೇ ಸಾಯುತ್ತದೆ ಎಂದು ಹೇಳುವಂತಿರಲಿಲ್ಲ. ಹೊಸ ಫೋನು ಕೊಳ್ಳಬೇಕಾದರೆ ಸೀಮೆಯ ಹಾವುಗಳೆಲ್ಲ ಒಂದೇ ದಿನ ಹೊರಗೆ ಬರಬೇಕು.

ಅರಮನೆಯ ಸೇವಾ ಕೇಂದ್ರಕ್ಕೆ ಅವನು ಮೊದಲೇ ಅಲೆದಿದ್ದ. ಅಲ್ಲಿನ ಅಧಿಕಾರಿ ಫೋನಿಗೆ ತಂತಿ ಸಿಕ್ಕಿಸಿ ನೋಡಿ, "ಇನ್ನೂ ಜೀವ ಇದೆ, ಪೂರ್ತಿ ಕೆಟ್ಟ ಮೇಲೆ ತಗೊಂಡು ಬಾ" ಎಂದಿದ್ದ. ಪೂರ್ತಿ ಕೆಟ್ಟ ಮೇಲೆ ಒಯ್ದರೆ ಪರೀಕ್ಷೆಯ ನಡುವೆಯೇ ಫೋನು ಆರಿಹೋಯಿತು.

"ಆನ್ ಇಲ್ಲದ ಫೋನನ್ನ ಪರೀಕ್ಷೆ ಮಾಡೋಕಾಗಲ್ಲ."

"ಆನ್ ಇರಲ್ಲ ಅಂತಾನೇ ಅಲ್ವಾ ಸ್ವಾಮಿ ನಾನು ಬಂದಿರೋದು?"

"ಅದನ್ನ ಪರೀಕ್ಷೆಲಿ ತೋರಿಸಯ್ಯ."

ಇಂಥ ಜಗಳಗಳು ವಿಪರೀತವಾದಾಗಲೇ ಮಂತ್ರಿ ಒಗಟಿನ ಉಪಾಯ ಹೇಳಿಕೊಟ್ಟದ್ದು. ಒಗಟು ಕಟ್ಟಿದವಳು ರಾಜಕುಮಾರಿ ಹೇಮಲೇಖೆ. ಸೇವಾ ಕೇಂದ್ರದ ಉಸ್ತುವಾರಿ ಅವಳದು. ಅಲ್ಲಿ ಕೂತು ಜನರ ಗೋಳು ಕೇಳಿ ಕೇಳಿ ಅವಳಿಗೂ ಸಾಕಾಗಿತ್ತು.

ಈರ ಆಸ್ಥಾನಕ್ಕೆ ಹೋದಾಗ ಅವನ ಮುಂದೆ ಇಬ್ಬರಿದ್ದರು. ಸಿಂಹಾಸನದ ಪಕ್ಕದಲ್ಲಿ ಕಬ್ಬಿಣದ ಒರಳು, ಒನಕೆ ಹಿಡಿದ ಭಟ. ಯಾವ ಒಗಟು ಮೊದಲು ಎಂಬುದು ರಾಜನ ಮರ್ಜಿ.

ಮೊದಲು ನಿಂತವರು ಶೇಷಾವಧಾನಿಗಳು, ಆಸ್ಥಾನದ ಪಂಡಿತರು.

"ತುಂಬಿದಾಗ ಭಾರವಾಗುವುದಿಲ್ಲ, ಬರಿದಾದಾಗ ಹಗುರವಾಗುವುದಿಲ್ಲ. ದಿನಾ ಉಣಿಸಿದರೂ ವರ್ಷದಿಂದ ವರ್ಷಕ್ಕೆ ಅದರ ಹೊಟ್ಟೆ ಕಿರಿದಾಗುತ್ತದೆ. ಏನದು?" ರಾಜ ಕೇಳಿದ.

"ಜ್ಞಾನ, ಪ್ರಭು!"

"ಜ್ಞಾನದ ಹೊಟ್ಟೆ ಕಿರಿದಾಗುತ್ತದೆಯೇ?"

"ನನ್ನ ಶಿಷ್ಯರಲ್ಲಿ ಆಗಿದೆ."

ಸಭೆ ನಕ್ಕಿತು. ಒನಕೆ ಬಿತ್ತು. ಪಂಡಿತರು ಪುಡಿಯಾದ ಫೋನನ್ನು ಉತ್ತರೀಯದಲ್ಲಿ ಕಟ್ಟಿಕೊಂಡು ಹೊರಟರು.

ಎರಡನೆಯವನು ಜವಳಿ ವ್ಯಾಪಾರಿ ಚನ್ನಮಲ್ಲ.

"ಬೆಲೆ ಕೊಟ್ಟು ಮನೆಗೆ ಒಯ್ದವನು ಬಿಚ್ಚಿದರೆ ಅಪರಾಧ, ಮಾರಿದವನು ಬಿಚ್ಚಿದರೆ ಸೇವೆ. ಏನದು?"

ವ್ಯಾಪಾರಿ ತುಂಬ ಹೊತ್ತು ಮೀಸೆ ತಿರುವಿದ. "ದೇವರ ಹುಂಡಿ, ಮಹಾಸ್ವಾಮಿ. ಕಾಸು ಹಾಕಿದೋನು ತೆಗೆದರೆ ಕಳ್ಳ, ಪೂಜಾರಿ ತೆಗೆದರೆ ಧರ್ಮ."

"ಹುಂಡಿಯನ್ನು ನೀನು ಮನೆಗೆ ಒಯ್ಯುತ್ತೀಯಾ?"

ಒನಕೆ ಮತ್ತೆ ಬಿತ್ತು. ಈರನ ಸರದಿ ಬಂತು. ಈ ಫೋನು ಒರಳಿಗೆ ಹೋದರೆ ಯಾರ ಅಡುಗೆಮನೆಯಲ್ಲಿ ಹಾವು ಹೆಡೆ ಎತ್ತಿದರೂ ಅವನಿಗೆ ತಿಳಿಯುವುದಿಲ್ಲ.

"ಏನಯ್ಯಾ, ನಿನಗೆ ಹೊಸ ಒಗಟು," ಎಂದ ರಾಜ. "ಸಾಯುವ ಸ್ಥಿತಿಗೆ ಬಾರದಿದ್ದರೆ ಅವನಿಗೆ ಔಷಧವಿಲ್ಲ. ಎದ್ದು ನಿಲ್ಲದಿದ್ದರೆ ಪರೀಕ್ಷೆಯಿಲ್ಲ. ಎದ್ದು ನಿಂತು, ತನಗೆ ನಿಲ್ಲಲಾಗದು ಎಂದು ತೋರಿಸಬೇಕಾದ ಆ ರೋಗಿ ಯಾರು?"

ಈರನಿಗೆ ರೇಗಿತು.

"ಗೇಲಿ ಮಾಡಬೇಡಿ ಬುದ್ಧಿ. ನನ್ನ ಫೋನಿನ ಕತೆ ನಿಮ್ಮ ಕಿವಿಗೂ ಬಿತ್ತು ಅಂತ ಈಗ ಗೊತ್ತಾಯ್ತು. ಇನ್ನಾದರೂ ಒಂದು ಬ್ಯಾಟರಿ ಹಾಕಿಸಿಕೊಡಿ, ನಾನು ಹೋಗ್ತೀನಿ."

ರಾಜನ ಪಕ್ಕದಲ್ಲಿದ್ದ ಹೇಮಲೇಖೆ ನೆಟ್ಟಗೆ ಕೂತಳು. "ಉತ್ತರ ಸರಿ. ಉಳಿದೆರಡು?"

ಆಗ ಅವನಿಗೆ ಹೊಳೆಯಿತು. ರಾಜನ ಒಗಟೆಂದ ಮೇಲೆ ಉತ್ತರವೂ ದೊಡ್ಡದೇ ಇರಬೇಕೆಂದು ಅವರಿಬ್ಬರೂ ಜ್ಞಾನ, ದೇವರು ಎಂದು ಆಕಾಶ ನೋಡಿದ್ದರು. ಈರನಿಗೆ ಅಷ್ಟು ವ್ಯವಧಾನವಿರಲಿಲ್ಲ.

"ತುಂಬಿದರೂ ಭಾರ ಆಗದೆ, ದಿನಾ ಉಣಿಸಿದರೂ ಹೊಟ್ಟೆ ಕಿರಿದಾಗೋದು ಬ್ಯಾಟರಿ. ಮೊದಲು ದಿನವೆಲ್ಲ ಬರ್ತಿತ್ತು, ಈಗ ಒಂದು ಮಾತು ಮುಗಿಯೋತನಕ ಬರಲ್ಲ. ಕೊಂಡೋನು ಬಿಚ್ಚಬಾರದ್ದು ಈ ಫೋನು. ನಾನೇ ಬಿಚ್ಚೋಣ ಅಂದಿದ್ದಕ್ಕೆ ನಿಮ್ಮ ಅಧಿಕಾರಿ ಸೆರೆಮನೆಗೆ ಹಾಕಿಸ್ತೀನಿ ಅಂದ್ರು. ನಿಲ್ಲಲಾರೆ ಅಂತ ನಿಂತು ತೋರಿಸಬೇಕಾದ ರೋಗಿ ಯಾರು ಅಂತ ಆಗಲೇ ಹೇಳಿದೆ. ಮೂರೂ ಇಲ್ಲೇ ನನ್ನ ಕೈಯಲ್ಲಿವೆ ಬುದ್ಧಿ."

ಮಹಾರಾಜ ಮುಖ ಹುಳ್ಳಗೆ ಮಾಡಿಕೊಂಡು ಸೇವಾ ಕೇಂದ್ರದ ಅಧಿಕಾರಿಯತ್ತ ಕೈಬೀಸಿದ. ಅಧಿಕಾರಿ ಬಂದು ಕಿವಿಯಲ್ಲಿ ಏನೋ ಉಸುರಿದ.

"ಬ್ಯಾಟರಿ ದಾಸ್ತಾನಿಲ್ಲವಂತೆ," ಎಂದ ರಾಜ. "ಬದಲಿಗೆ ಅರ್ಧ ರಾಜ್ಯ ತೆಗೆದುಕೋ. ರಾಜಕುಮಾರಿಯನ್ನೂ."

"ನಾನು ದಾಸ್ತಾನಿದ್ದೇನೆ ಅಂತ ನಿಮಗೆ ಯಾರು ಹೇಳಿದರು ಅಪ್ಪಾಜಿ?"

"ತಪ್ಪು ತಿಳ್ಕೋಬೇಡಿ ತಾಯಿ, ನನಗೂ ಬ್ಯಾಟರಿಯೇ ಬೇಕು," ಎಂದ ಈರ.

ಹೇಮಲೇಖೆ ತಂದೆಯ ಮುಂದಿದ್ದ ಫೋನನ್ನು ಎತ್ತಿಕೊಂಡಳು. ಈರನದೇ ಮಾದರಿ, ಅಷ್ಟೇ ಹಳೆಯದು. ಬ್ಯಾಟರಿ ಮಾತ್ರ ಆಗಷ್ಟೇ ಹಾಕಿಸಿದ್ದು.

"ಪ್ರಜೆಗಳೆಲ್ಲ ಹೊಸ ಫೋನು ಕೊಳ್ಳಬೇಕು ಅಂತೀರಿ. ನೀವೇಕೆ ಕೊಂಡಿಲ್ಲ?"

"ಯಾಕಮ್ಮಾ? ಇದು ಚೆನ್ನಾಗಿಯೇ ಇದೆಯಲ್ಲ."

ಸಭೆಯಲ್ಲಿ ಯಾರೋ ಕೆಮ್ಮಿದರು. ಹೇಮಲೇಖೆ ಅಧಿಕಾರಿಯನ್ನು ಕರೆದು ಎರಡೂ ಫೋನು ಬಿಚ್ಚಿಸಿದಳು. ರಾಜನ ಬ್ಯಾಟರಿ ಈರನ ಫೋನಿಗೆ ಹೋಯಿತು. ತಿಂಗಳುಗಟ್ಟಲೆ ಆಗದು ಎನ್ನುತ್ತಿದ್ದ ಕೆಲಸ ತಾಂಬೂಲ ಮೆಲ್ಲುವಷ್ಟರಲ್ಲಿ ಮುಗಿಯಿತು.

ಈರ ಅರಮನೆಯ ಮೆಟ್ಟಿಲಿಳಿಯುವಾಗಲೇ ಫೋನು ಬಡಿದುಕೊಂಡಿತು. ಕುಂಬಾರಗೇರಿಯ ಹೆಂಗಸೊಬ್ಬಳು ಹಾವಿನ ಬಣ್ಣ, ಉದ್ದ, ಅದು ತೊಟ್ಟಿಲ ಕೆಳಗೆ ಹೊಕ್ಕದ್ದು, ಬೀದಿ, ಬಾಗಿಲ ಗುರುತು, ಎಲ್ಲ ಹೇಳಿದಳು. ಫೋನು ಆರಲಿಲ್ಲ. ಅವನು ಓಡಿದ. ಸಂಜೆಗೆ ಹಾವು ಕಾಡು ಸೇರಿತ್ತು, ಮಗು ಹಾಲು ಕುಡಿದು ಮಲಗಿತ್ತು.

ಮಹಾರಾಜನ ಫೋನಿಗೆ ಇನ್ನೂ ಬ್ಯಾಟರಿ ಬಂದಿಲ್ಲ. ಬಂದ ಕೂಡಲೇ ತಿಳಿಸುತ್ತೇವೆ ಎಂದು ಸೇವಾ ಕೇಂದ್ರದವರು ಮಾತು ಕೊಟ್ಟಿದ್ದಾರೆ. ಆ ಫೋನಿಗೇ ಕರೆ ಮಾಡಿ ತಿಳಿಸುತ್ತಾರಂತೆ.